ಒಳಗೇನೈತೆ ನೋಡಿ ಹೇಳು

ಹೊಳಲ್ಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮಾರುತೇಶನ ಲೆಕ್ಕದಲ್ಲಿ ಊರವರೆಲ್ಲ ದಡ್ಡರು, ಶಾಂತಕ್ಕ ಆ ದಡ್ಡರ ಯಜಮಾನಿ. ಲಗ್ನಪತ್ರಿಕೆ ಅಚ್ಚು ಹಾಕುವ ಶಾಂತಕ್ಕ, ಊರಿನ ಜೆರಾಕ್ಸ್, ಸ್ಟುಡಿಯೋದವರ ಸಂಘಕ್ಕೆ ಅಧ್ಯಕ್ಷೆಯೂ ಹೌದು. ಅವಳು ಹೂಂ ಅಂದರೆ ಸಂಘದವರ ಅಷ್ಟೂ ಕಂಪ್ಯೂಟರುಗಳ ರಿಪೇರಿ ಇವನದು. ನಿಮ್ಮ ಕಂಪ್ಯೂಟರ್ ನಿಧಾನ, ಹೊಸ ಸಾಮಾನು ಹಾಕಿಸಿ ಎಂದು ಇವನು ಹೇಳಿದ್ದಕ್ಕೆ ಅಂಥವಳು ಸಂಘದವರ ಎದುರಿಗೇ, "ಏನಪ್ಪ ಮಾರುತೇಶ್, ಹೊಸದು ಹಾಕಿಸ್ಕಳ್ಳೋದು ಆಮೇಲೆ. ಮೊದ್ಲು ಒಳಗೇನೈತೆ ನೋಡಿ ಹೇಳು," ಅಂದುಬಿಟ್ಟಿದ್ದಳು. ತಾನು ಹೇಳಿದ್ದನ್ನು ಕಣ್ಣುಮುಚ್ಚಿ ಕೊಳ್ಳುವುದು ಬಿಟ್ಟು ವಿಚಾರಣೆ ಮಾಡುತ್ತಾಳಲ್ಲ! ಮಾರುತೇಶನಿಗೆ ಮೈಯೆಲ್ಲ ಉರಿಯಿತು. ಇವಳಿಗೆ ಬುದ್ಧಿ ಕಲಿಸಲೇಬೇಕು ಅಂದುಕೊಂಡ.

ನೋಡಿ ಹೇಳಲು ಹೋದ. ಮೇಜಿನ ಕೆಳಗಿದ್ದ ಸಿಪಿಯು ಡಬ್ಬಕ್ಕೆ ವಿಭೂತಿ ಪಟ್ಟೆ, ಮೌಸಿನ ಬೆನ್ನಿಗೂ ಆಯುಧಪೂಜೆಯ ಕುಂಕುಮ. ಥೂ, ಇವರಿಗೆ ಕಂಪ್ಯೂಟರೂ ಒಂದೇ, ನೇಗಿಲೂ ಒಂದೇ. ಡಬ್ಬದ ಪಕ್ಕದ ಮುಚ್ಚಳಕ್ಕೆ ಒಂದು ಸ್ಕ್ರೂ ಸಹ ಇರಲಿಲ್ಲ. ಬೇಜವಾಬ್ದಾರಿ ಹೆಂಗಸು ಎಂದು ಬೈದುಕೊಂಡ, ಆದರೆ ಕೆಲಸ ಸಲೀಸಾಯಿತು. ಒಳಗೆ ಎರಡು ರ‍್ಯಾಮ್ ಪಟ್ಟಿಗಳಿದ್ದವು. ಶಾಂತಕ್ಕ ಟೀ ಹೇಳಲು ಹೊರಗೆ ಹೋದಾಗ, ಮೇಜಿನ ಕೆಳಗಿನ ಕತ್ತಲಲ್ಲೇ ಕೈಯಾಡಿಸಿ ಒಂದನ್ನು ಕಿತ್ತು ಜೇಬಿಗೆ ಇಳಿಸಿದ.

ಅವಳು ಬಂದ ಮೇಲೆ ಕಂಪ್ಯೂಟರ್ ಆನ್ ಮಾಡಿ ಪರದೆ ತೋರಿಸಿದ. "ನೋಡ್ರಿ ಅಕ್ಕ, ನಾನು ಹೇಳ್ತಿಲ್ಲ, ಅದೇ ಹೇಳ್ತೈತೆ. ಇರೋದು ಒಂದೇ ರ‍್ಯಾಮ್. ಇನ್ನೊಂದು ಹಾಕಿದ್ರೆ ಕುದುರೆ ಥರ ಓಡ್ತೈತೆ."

"ಹಂಗಾರೆ ತಂದು ಹಾಕಪ್ಪ," ಅಂದಳು ಶಾಂತಕ್ಕ.

ಅವಳದನ್ನು ಅವಳಿಗೇ ಮಾರುವುದು, ಇದಕ್ಕಿಂತ ಚೊಕ್ಕಟವಾದ ಕಳ್ಳತನ ಉಂಟೇ? ಕೆಲವು ದಿನ ಒಂದೇ ಪಟ್ಟಿಯಲ್ಲಿ ತೆವಳಿದ ಕಂಪ್ಯೂಟರು, ಇನ್ನೊಂದು ವಾಪಸ್ಸು ಬಂದಾಗ ಓಡಿದ ಹಾಗೇ ಕಾಣುತ್ತದೆ. ಅವಳೇ ಊರೆಲ್ಲ ಹೊಗಳಿಕೊಂಡು ತಿರುಗುತ್ತಾಳೆ. ಮಾರುತೇಶ ಪಟ್ಟಿಯ ಮುಂಬದಿ ಒರೆಸಿ, ಹಳೆ ಚೀಟಿಯ ಮೇಲೆ ಹೊಳೆಯುವ ಹೊಸ ಚೀಟಿ ಅಂಟಿಸಿ, ಕಂಪನಿಯವರು ನಾಚುವ ಹಾಗೆ ಕವರಿಗೆ ಹಾಕಿ ಸೀಲು ಮಾಡಿದ. ಹಾಕುವ ದಿನ ತನ್ನ ಪ್ರಾಮಾಣಿಕತೆ ನೋಡಲೆಂದು ಸ್ಟುಡಿಯೋ ತಿಮ್ಮೇಶನನ್ನೂ ಜೆರಾಕ್ಸ್ ಅಂಗಡಿಯ ಉಷಾರಾಣಿಯನ್ನೂ ತಾನೇ ಕರೆದು ಕೂರಿಸಿದ.

ಎಲ್ಲರೂ ನೋಡುತ್ತಿದ್ದಂತೆ ಕವರು ಹರಿದ. "ತಡಿಯಪ್ಪ, ಹೊಸ ಸಾಮಾನು, ಹಂಗೇ ಹಾಕಬಾರ್ದು," ಎಂದು ಶಾಂತಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು. ಮಾರುತೇಶ ಒಳಗೊಳಗೇ ನಕ್ಕು ಪಟ್ಟಿ ಕೊಟ್ಟ. ಚೀಟಿಯ ಮೇಲೆ ಕುಂಕುಮ ನಿಲ್ಲದೆಂದು ಅವಳು ಅದನ್ನು ತಿರುಗಿಸಿದಳು, ಉಂಗುರದ ಬೆರಳು ಕುಂಕುಮದಲ್ಲಿ ಅದ್ದಿದಳು. ಬೆರಳು ಅಲ್ಲೇ ನಿಂತಿತು. ಹಿಂಬದಿಯಲ್ಲಿ ಒಣಗಿದ ಬೊಟ್ಟೊಂದು ಆಗಲೇ ಇತ್ತು. ಶಾಂತಕ್ಕ ಅದನ್ನು ತಿಮ್ಮೇಶನಿಗೆ ತೋರಿಸಿದಳು, ಉಷಾರಾಣಿಗೆ ತೋರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ವರ್ಷಾ ವರ್ಷ ಆಯುಧಪೂಜೆಗೆ ಮುಚ್ಚಳ ತೆಗೆದು ಒಳಗಿನೋವಕ್ಕೂ ನಾನೇ ಕುಂಕುಮ ಇಡ್ತೀನಿ. ಕಂಪನೀಲೂ ಇಡ್ತಾರೇನಪ್ಪ, ಮಾರುತೇಶ್?"