ಮರಗಟ್ಟಿದ್ದು ಬಿಡುವ ತನಕ

"ನೀವಾ..." ಎಂದು ಕುರ್ಚಿಯಿಂದ ಅರ್ಧ ಎದ್ದ ರೇಮಂಡ್.

ಕಟಪಾಡಿಯ ಕ್ಲಿನಿಕ್ಕಿನಲ್ಲಿ ಹಲ್ಲುನೋವೆಂದು ಬಂದವನು ಅವನೇ! ಡಾಕ್ಟರ್ ಸೋಫಿಯಾಳಿಗೆ ಸಿಟ್ಟು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಇಷ್ಟು ವರ್ಷಗಳಲ್ಲಿ ಮನಸ್ಸು ಜಡವಾಗಿತ್ತು. ಮನೆಯವರು ತಂದ ಸಂಬಂಧಗಳಿಗೂ ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಅವನನ್ನು ಕಂಡ ಕಾಲಕ್ಕೆ ಅವಳು ಮಣಿಪಾಲದಲ್ಲಿ ದಂತವೈದ್ಯಕೀಯ ಓದುತ್ತಿದ್ದಳು. ಕಾರ್ಕಳದಿಂದ ದಿನಾ ಹತ್ತುತ್ತಿದ್ದ ಬಸ್ಸಿಗೆ ಅವನು ಕಂಡಕ್ಟರ್. ಪರೀಕ್ಷೆಗೆ ಕೂರಲು ಬೇಕಾದ ರೋಗಿಗಳನ್ನು ವಿದ್ಯಾರ್ಥಿಗಳೇ ಹುಡುಕಬೇಕಿತ್ತು. ಅವಳು ನಾಚಿಕೆ ಬಿಟ್ಟು ಕೇಳಿದಳು, ಅವನು ಟಿಕೆಟ್ ಹರಿಯುತ್ತಲೇ ಒಪ್ಪಿದ. ಪ್ರತಿ ಸಲ ಇಂಜೆಕ್ಷನ್ನಿಗೆ ಅವನ ತುಟಿ ಮರಗಟ್ಟಿದ್ದು ಬಿಡುವ ತನಕ ಇಬ್ಬರೂ ಕ್ಯಾಂಟೀನಿನಲ್ಲಿ ಕಾದು, ಆಮೇಲೆ ಚಾ ಕುಡಿಯುತ್ತಿದ್ದರು. ಹಾಗೆ ಕಾಯುತ್ತಲೇ ಅವಳು ಮನಸ್ಸು ಕೊಟ್ಟಿದ್ದಳು.

ಕೊನೆಯ ತಪಾಸಣೆಗೆ ಅವನು ಬರಲಿಲ್ಲ. ಮರುದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರ್. ಬಿಟ್ಟಿ ಚಿಕಿತ್ಸೆಗಾಗಿ ಬಂದಿದ್ದ, ಅಷ್ಟೇ... ಎಂದುಕೊಂಡಳು.

ಈಗ ನೋಯುತ್ತಿದ್ದುದು ಅವಳೇ ಅಂದು ತುಂಬಿಸಿದ್ದ ದವಡೆ ಹಲ್ಲು.

"ಬೇರಿನ ನಾಳಕ್ಕೆ ಸುಣ್ಣ ಕಟ್ಟಿ ಮುಚ್ಚಿದೆ. ಕೆರೆಯುವಾಗ ದಾರಿ ತಪ್ಪಿದರೆ ಹಲ್ಲು ತೂತಾಗಿ, ಕೀಳಬೇಕಾದೀತು," ಎಂದಳು. ನೋವಾದರೆ ಎಡಗೈ ಎತ್ತಲು ಹೇಳಿ, ಇಂಜೆಕ್ಷನ್ ಕೊಟ್ಟು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದಳು.

ಮೈಕ್ರೋಸ್ಕೋಪಿನಡಿ ಅಲ್ಟ್ರಾಸಾನಿಕ್ ಯಂತ್ರದ ಮೊನೆ ಗುಂಯ್‌ಗುಡುತ್ತ ಸುಣ್ಣವನ್ನು ಚೂರುಚೂರೇ ಕೆರೆಯಿತು. ಅವನು ಈಗ ಮಾತಾಡಲಾರ ಎಂಬ ಧೈರ್ಯಕ್ಕೋ ಏನೋ, ಅವಳ ಬಾಯಿಂದ ಬಂದೇಬಿಟ್ಟಿತು.

"ಕೊನೆಯ ದಿವಸ ಯಾಕೆ ಬರಲಿಲ್ಲ? ಸಂಜೆವರೆಗೆ ಕಾದೆ."

ಅವನ ಎಡಗೈ ಎದ್ದಿತು. ಬೆರಳಲ್ಲಿ ಮದುವೆಯ ಉಂಗುರವಿರಲಿಲ್ಲ. ಅವಳು ಯಂತ್ರ ನಿಲ್ಲಿಸಿದಳು.

"ನೋವು ಉಂಟಾ?"

ಇಲ್ಲವೆಂದು ಸನ್ನೆ ಮಾಡಿದ. ಕೈ ಮಾತ್ರ ಇಳಿಸಲಿಲ್ಲ.

"ಮುಗಿದ ಮೇಲೆ ಹೇಳಿ. ಈಗ ಅಲುಗಾಡಬೇಡಿ."

ಇನ್ನಷ್ಟು ಕೆರೆದ ಮೇಲೆ ನಾಳದ ಬಾಯಿ ಕಪ್ಪು ಚುಕ್ಕೆಯಾಗಿ ಕಂಡಿತು. ಕೂದಲಿನಷ್ಟು ತೆಳುವಾದ ಫೈಲ್ ಎಂಬ ಸೂಜಿ ಒಳಗಿಳಿಯಿತು. ಹಲ್ಲು ಉಳಿಯಿತು. ಔಷಧಿಯಿಟ್ಟು ಮುಚ್ಚಿ, ರಬ್ಬರ್ ಹಾಳೆ ತೆಗೆದಳು.

"ಬಂದಿದ್ದೆ," ಎಂದ ಅರ್ಧ ತುಟಿಯಲ್ಲಿ. "ಬಾಗಿಲ ಹತ್ತಿರವೇ ನಿಂತಿದ್ದೆ. ಕಂಡಕ್ಟರ್ ಅಂದರೆ ಇಷ್ಟವಾ ಅಂತ ನಿಮ್ಮ ಗೆಳತಿ ಕೇಳಿದರು. ನೀವು, 'ಅವನು ನನಗೆ ಒಂದು ಕೇಸ್ ಮಾತ್ರ' ಅಂದಿರಿ. ನಾನೇ ಕೇಳಿಕೊಂಡು ಕಾಪು ರೂಟಿನ ಬಸ್ಸಿಗೆ ಹೋದೆ."

ಸೋಫಿಯಾಳಿಗೆ ನೆನಪಾಯಿತು. ಆ ಗೆಳತಿ ಆನಿಯ ಬಾಯಿಗೆ ಬಿದ್ದರೆ ಇಡೀ ಕಾಲೇಜಿಗೆ ಗೊತ್ತಾಗುತ್ತದೆಂದು ಹೆದರಿ ಆಡಿದ ಮಾತದು.

"ಅದು ಸುಳ್ಳು, ರೇಮಂಡ್. ನೀವೆಂದರೆ ನನಗೆ ತುಂಬಾ ಇಷ್ಟ ಇತ್ತು."

"ಈಗ?"

ಎಷ್ಟೋ ಕಾಲದ ಮೇಲೆ ಎದೆಯಲ್ಲಿ ಸಣ್ಣಗೆ ನೋವೆದ್ದಿತು. ಅದು ಅವಳಿಗೆ ಹಿತವೆನಿಸಿತು. ಎಲ್ಲ ರೋಗಿಗಳಿಗೂ ಹೇಳುವ ಸೂಚನೆಯನ್ನೇ ಹೇಳಿದಳು.

"ಮರಗಟ್ಟಿದ್ದು ಬಿಡುವ ತನಕ ಬಿಸಿ ಚಾ ಕುಡಿಯಬೇಡಿ. ತುಟಿ ಸುಡುತ್ತದೆ."

"ಹಾಗಾದರೆ ಇಲ್ಲೇ ಕೂರುತ್ತೇನೆ. ಬಿಟ್ಟ ಮೇಲೆ ಒಟ್ಟಿಗೆ ಕುಡಿಯುವ, ಅಲ್ವಾ?"

"ನಾನೂ ಕೂರುತ್ತೇನೆ," ಎಂದು ಸೋಫಿಯಾ ಗ್ಲೌಸ್ ಕಳಚಿದಳು.