ಬೆಂಕಿ ಕಾಣದ ಹಲಗೆ

“ಇದನ್ನ ಬರೆದಾಕಿ ಯಾರ್ರಿ?”

ಲಿಂಗಸುಗೂರಿನ ಸೈಕಲ್ ಅಂಗಡಿಯ ಮೇಲಿನ ಕೋಣೆ. ಭಾನುವಾರದ ಓದುಬಳಗ ಪುಸ್ತಕದಿಂದ ತಲೆ ಎತ್ತಿತು. ಬಾಗಿಲಲ್ಲಿ ನಿಂತವನ ಕೈಯಲ್ಲಿ ವಾರಪತ್ರಿಕೆ, ಭುಜದ ತುಂಬ ಮಳೆಹನಿ.

ತಿರುಗಿ ನೋಡುವ ಮೊದಲೇ ಗಾಳೆಮ್ಮನಿಗೆ ಆ ದನಿಯ ಗುರುತು ಸಿಕ್ಕಿತು. ಕೆಳಗಾಲುವೆ ತಂಡದ ಬಸ್ಸಪ್ಪ! ನೀರು ಮುಟ್ಟದ ಕಾಲುವೆಯ ತುದಿಯಿಂದ ಎದ್ದುಬಂದು, ಹದಿನೈದು ವರ್ಷ ಸಿಂಧನೂರು ಸೀಮೆಯನ್ನೆಲ್ಲ ತೊಗಲಿನ ಹಲಗೆ ಬಡಿದು, ಹಾಡಿ ಎಬ್ಬಿಸಿದ ತಂಡ. ಶಾಲೆಗೆ ಹೋಗುವ ಕಾಲದಿಂದ ಆ ದನಿ ಕೇಳಿಯೇ ಬೆಳೆದವಳು ಅವಳು... ಅದು ತನ್ನ ಕಡೆಗೆ ತಿರುಗಿದ್ದು ಮಾತ್ರ ಇದೇ ಮೊದಲು.

“ನಾನ ರೀ,” ಎಂದಳು.

ಅವನು ಗಳಿಗೆ ತಬ್ಬಿಬ್ಬಾದ. ಬೈಯಲೆಂದು ಬಂದಿದ್ದ. ಎದುರಿಗೆ ಇಂಥ ತಣ್ಣನೆಯ ಕಣ್ಣು ಇದ್ದೀತೆಂದು ಎಣಿಸಿರಲಿಲ್ಲ.

ತಂಡದ ಹೊಸ ಕ್ಯಾಸೆಟ್ಟನ್ನು ಎಲ್ಲರೂ ಹೊಗಳಿದ್ದರು. ‘ಇನ್ನು ಇವರ ಹಾಡನ್ನು ಮನೆಮಂದಿಯೆಲ್ಲ ಕೂತು ಕೇಳಬಹುದು’ ಎಂದು ಪೇಟೆಯ ಪತ್ರಿಕೆಯೊಂದು ಬರೆದಿತ್ತು. ಇಷ್ಟು ವರ್ಷ ಕೇಳಿದವರಿಗೆ ಮನೆ ಇರಲಿಲ್ಲವೇ? ಕಚೇರಿ ನೌಕರಿಯ ಜೊತೆಗೆ ವಾರಪತ್ರಿಕೆಗೆ ಬರೆಯುವ ಗಾಳೆಮ್ಮ ಒಬ್ಬಳೇ ಬೇರೆ ಬರೆದಿದ್ದಳು.

ಬಸ್ಸಪ್ಪ ಗಟ್ಟಿಯಾಗಿ ಓದಿದ. “‘ಈ ಕ್ಯಾಸೆಟ್ಟಿನಲ್ಲಿ ಹಲಗೆ ಸತ್ತಿದೆ. ಪೇಟೆಯ ಕಿವಿಗೆ ಇಂಪಾಗಲೆಂದು ಈ ಹಾಡುಗಾರರು ತಮ್ಮ ಹಲಗೆಗೆ ತಾವೇ ನಾಚಿದ್ದಾರೆ.’ ನಾಚೀವಾ? ನಾವಾ?”

“ಕೇಳಿದ್ದನ್ನ ಬರದೀನ್ರಿ.”

“ನೌಕರಿ ಕುರ್ಚಿ ಮ್ಯಾಲೆ ಕುಂತು ಕೇಳಿದ್ರ ಹಂಗ ಕೇಳಸತೈತಿ!”

ಆ ಮಾತು ಗಾಳೆಮ್ಮನ ಎದೆಗೆ ನಾಟಿತು. “ನಮ್ಮಪ್ಪ ಗೌಡರ ಮನಿ ಸಾವಿಗೆ ಹಲಗಿ ಬಡದು ಬಡದು ಸಾಕಾದಾವ. ಬುದ್ಧನ್ನ ಒಪ್ಪಿಕೊಂಡ ದಿನ ಅದನ್ನ ಬಿಟ್ಟ. ಅದ ಹಲಗಿ ನಿಮ್ಮ ಕೈಯಾಗ ನ್ಯಾಯ ಕೇಳೋದು ನೋಡಿ ಅತ್ತಾನ್ರಿ! ಅದಕ್ಕ ಬರದೀನಿ. ಕುರ್ಚಿ ಸಲುವಾಗಿ ಅಲ್ಲ!”

ಅವನ ದನಿ ತಗ್ಗಿತು, ಹಟ ತಗ್ಗಲಿಲ್ಲ. “ಹಂಗಾದ್ರ ಬರೋ ಐತಾರ ಮಸ್ಕಿಯಾಗ ನಮ್ಮ ಹಾಡು ಐತಿ, ಬರ್ರಿ. ಮೈಕ್ ಕೊಡ್ತೀನಿ. ಜನರ ಮುಂದ ಇದನ್ನ ಹೇಳ್ರಿ. ಇಲ್ಲಾ, ತಪ್ಪಾತು ಅನ್ರಿ.”

ಮೆಟ್ಟಿಲು ಇಳಿದು ಹೋಗಿಬಿಟ್ಟ.

ಆ ವಾರವೆಲ್ಲ ಗಾಳೆಮ್ಮ ಕನಸಿನಲ್ಲಿ ನಡೆದಾಡಿದಳು. ಕಚೇರಿಯ ಕಿಟಕಿಯಾಚೆ ಮಳೆ ಹಿಡಿದರೆ ಅವನ ದನಿ... ಬಸ್ಸಿನಾಚೆ ಹಸಿರು ಭತ್ತ ತೂಗಿದರೆ ಅವನ ಕೆರಳಿದ ಮುಖ... ಜನರೆದುರು ಹೇಳಿದರೆ ಅವನು ಮತ್ತೆಂದೂ ನನ್ನತ್ತ ನೋಡಲಾರ. ಹೇಳದಿದ್ದರೆ ಅಪ್ಪನ ಎದುರು ನಿಲ್ಲುವುದು ಹೇಗೆ?

ಮಸ್ಕಿಯಲ್ಲಿ ಮಳೆ ಬಿಟ್ಟಿತ್ತು. ಗುಡ್ಡದ ನೆತ್ತಿಗೆ ಸಂಜೆಯ ಮೋಡ ತಾಗಿತ್ತು. ವೇದಿಕೆಯ ಹಿಂದೆ ಹುಲ್ಲಿಗೆ ಬೆಂಕಿ ಹಚ್ಚಿ ತಂಡದವರು ಹಲಗೆ ಕಾಯಿಸುತ್ತಿದ್ದರು. ತಂಡದಲ್ಲಿ ದನಿಗೂಡಿಸುವ ಕರೀಮಾಬಿ ಅವಳನ್ನು ಕಂಡು ನಕ್ಕಳು.

“ಬಾರವಾ, ನಮ್ಮ ಹಲಗಿ ಕೊಂದಾಕಿ! ಇಲ್ಲಿ ಕುಂದ್ರು. ಸ್ಟುಡಿಯೋದಾಗ ಹಿಂಗ ಬೆಂಕಿ ಹಚ್ಚಾಕ ಬಿಟ್ಟಿದ್ರ ನಿನಗ ಬರಿಯಾಕ ಏನೂ ಸಿಗ್ತಿರಲಿಲ್ಲ.”

“ಅಂದ್ರ?”

“ಗ್ವಾಡಿಗೆಲ್ಲ ಪರದೆ, ಹತ್ತಿ. ಕಡ್ಡಿ ಗೀರಿದ್ರ ಹೊರಗ ಹಾಕ್ತೀನಿ ಅಂದ ಮಾಲಕ. ಹೊರಗ ಜಡಿಮಳಿ. ಥಂಡಿ ಹಿಡಿದ ಚರ್ಮ ಕಾಯಿಸದ ನುಡೀತೈತೇನು? ಹಸಿ ಗೋಣಿಚೀಲ ಬಡದಂಗ ಆತು. ಕಡೀಕ ಅವನ ಮಿಷನ್ನಿನ ತಾಳ ಹಾಕಿದ. ಬಸ್ಸಪ್ಪ ಊರು ಮುಟ್ಟೋತನಕ ಹಲಗಿ ಎದಿಗೆ ಅವಚಿಕೊಂಡು ಕುಂತಿದ್ದ.”

“ಮತ್ತ ಅವತ್ತು ನನಗ್ಯಾಕ ಹೇಳಲಿಲ್ಲ?”

“ನೆಪ ಹೇಳಿದಂಗ ಆಗತೈತಂತ! ಭಾಳ ಸೊಕ್ಕಿನ ಮನಿಷ್ಯಾ ಅವ.”

ಹಲಗೆ ಕಾಯಿಸುವುದು ಗಾಳೆಮ್ಮನಿಗೆ ತಿಳಿಯದ್ದೇ? ಸ್ಟುಡಿಯೋ ಅಂದಮೇಲೆ ಅಲ್ಲಿ ಎಲ್ಲವೂ ಸಿಗುತ್ತದೆ ಅಂದುಕೊಂಡಿದ್ದಳು. ನಮ್ಮವರಿಗೆ ಅಲ್ಲಿ ಹಿಡಿಹುಲ್ಲಿನ ಬೆಂಕಿಯೂ ಇಲ್ಲವೆಂದು ಹೊಳೆದಿರಲೇ ಇಲ್ಲ...

ಬಸ್ಸಪ್ಪ ಮಾತು ತಪ್ಪಲಿಲ್ಲ. ಮೈಕ್ ಕೊಟ್ಟ. ಅವಳು ಜನರತ್ತ ತಿರುಗಿದಳು.

“ಇವರು ಹಲಗಿಗೆ ನಾಚ್ಯಾರ ಅಂತ ಬರದಿದ್ದೆ. ಅದು ನನ್ನ ತಪ್ಪು. ಮಾಫಿ ಮಾಡ್ರಿ.”

ಚಪ್ಪಾಳೆ ಬಿತ್ತು. ಅಷ್ಟಕ್ಕೇ ಇಳಿದುಬಿಡಬಹುದಿತ್ತು. ಅವನೂ ನೋಡುತ್ತಿದ್ದ...

“ಆದ್ರ ಕ್ಯಾಸೆಟ್ಟಿನಾಗ ಹಲಗಿ ಸತ್ತೈತಿ. ಆ ಮಾತು ವಾಪಸ್ ತಗೊಳ್ಳಂಗಿಲ್ಲ!”

“ಏ, ಇಳಿಸ್ರೋ ಆಕೀನ!” ಯಾರೋ ಕೂಗಿದರು.

ಬಸ್ಸಪ್ಪ ಮೈಕಿಗೆ ಬಾಗಿದ. “ಕುಂದ್ರೋ ಮಾರಾಯ. ಆಕಿ ಹೇಳಿದ್ದು ಖರೇ.”

ಕಾದ ಹಲಗೆಗೆ ಕೋಲು ಬಿತ್ತು. ಗುಡ್ಡ ಮರುನುಡಿಯಿತು, ಮೋಡ ಕಂಪಿಸಿತು. ನೆಲ ಸರಿದು ತಾನು ತೇಲುತ್ತಿರುವಂತೆ ಗಾಳೆಮ್ಮನಿಗೆ ಅನಿಸಿತು!

ಹಾಡು ಮುಗಿದಾಗ ಇನ್ನೂ ಬೆಳಕಿತ್ತು. ಬಸ್ಸಿಗೆ ಕಾಯುತ್ತಿದ್ದವಳ ಪಕ್ಕ ಅವನು ಬಂದು ನಿಂತ.

“ಎಲ್ಲಾರೂ ಛಲೋ ಐತಿ, ಛಲೋ ಐತಿ ಅಂದಾಗ ನನ್ನ ಕಿವೀನ ಕೆಟ್ಟಾವೇನೋ ಅನ್ಕೊಂಡಿದ್ದೆ. ನಿಮ್ಮದು ಓದಿದೆ... ನಾ ಒಬ್ಬಾವ ಅಲ್ಲ ಅನಿಸ್ತು. ಅದಕ್ಕ ಓಡಿ ಬಂದೆ.”

“ಓಡಿ ಬಂದು ಜಗಳ ತೆಗದ್ರಿ!”

“ನನಗ ಪ್ರೀತಿ, ಜಗಳ ಎರಡೂ ಒಂದ ದನಿಯಾಗ ಬರ್ತಾವ.”

ಅವಳ ಕೆನ್ನೆ ಬಿಸಿಯಾಯಿತು. ಪ್ರೀತಿ ಅಂದನೇ? ಅಂದೇಬಿಟ್ಟನೇ?

“ಗಾಳೆಮ್ಮಾ... ನಮ್ಮ ಮನಿಗೆ ಬರ್ತೀಯೇನು? ಜೀವ ಇರೋತನಕ?”

“ಬಂದ್ರೂ ನಿಮ್ಮ ಮುಂದಿನ ಕ್ಯಾಸೆಟ್ಟಿನ ಮ್ಯಾಲೆ ನಾನ ಬರಿಯಾಕಿ. ಛಲೋ ಇಲ್ಲಾಂದ್ರ ಬಿಡಂಗಿಲ್ಲ.”

“ಹೇಣ್ತೀನ ಹಿಂಗ ಬರದಾಳ ಅಂತ ಊರು ನಗತೈತಿ.”

“ನಗಲಿ. ನಿಮಗ ಅಂಜಿಕೇನು?”

ಅವನು ಅವಳ ಕೈ ಹಿಡಿದ. ಕೋಲು ಹಿಡಿದು ಹಿಡಿದು ಆ ಅಂಗೈ ಒರಟಾಗಿತ್ತು.

“ಅಂಜಿಕಿ ಐತಿ... ನನ್ನ ಮನಸು ಕಾಯಾಕ ನೀ ಛಲೋ ಐತಿ ಅಂತ ಸುಳ್ಳು ಹೇಳಿದ್ರ ಅಂತ.”

“ಆ ದಿನ ಬರಂಗಿಲ್ಲ,” ಎಂದಳು ಗಾಳೆಮ್ಮ. ಕೈ ಬಿಡಿಸಿಕೊಳ್ಳಲಿಲ್ಲ.