ಕೆಂಧೂಳಿ ಗ್ರಹದ ಮೊದಲನೇ ತೂಬು

2025ರ ಏಪ್ರಿಲ್ 20, ಭಾನುವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ.

“ಕೆಂಧೂಳಿ ಗ್ರಹದ ಒಂದು ದಿನ ಅಂದರೆ ಇಪ್ಪತ್ತೊಂಬತ್ತು ತಾಸು ನಲವತ್ತು ನಿಮಿಷ,” ಎಂದು ಸುಮಂಗಲಾ ನೋಟ್‌ಬುಕ್ಕಿನ ಹನ್ನೊಂದನೆಯ ಪುಟವನ್ನು ಗಟ್ಟಿಯಾಗಿ ಓದಿದಳು. “ಆದ್ದರಿಂದ ಅಲ್ಲಿಯ ಜನ ವಾರಕ್ಕೆ ಆರೇ ದಿನ ಇಟ್ಟುಕೊಂಡಿದ್ದಾರೆ.”

“ಆ ಆರರಾಗ ಸಂಡೇ ಐತೋ ಇಲ್ಲೋ?” ಎಂದ ಗೆಳೆಯ ಸಮ್ರಾಟ್.

“ಅದು ಹದಿನಾಕನೇ ಪುಟದಾಗ ಬರ್ತೈತಿ. ನಡುವ ಮಾತಾಡಬ್ಯಾಡ.”

ಹನುಮೇಶ್ ಏನೂ ಕೇಳಲಿಲ್ಲ. ಅವನು ಕೂಲರ್ ಮುಂದೆ ಅಂಗಾತ ಮಲಗಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

ಸುಮಂಗಲಾ ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದಳು: ‘ಪುಟ 11. ಎಚ್ಚರ ಇದ್ದವರು: 2. ಅದರಲ್ಲಿ ಒಬ್ಬಳು ನಾನು.’

ಎಲ್ಲವನ್ನೂ ಎಣಿಸಿ ಬರೆದಿಡುವುದು ಅವಳ ಅಭ್ಯಾಸ. ತನ್ನನ್ನೂ ಬಿಡುತ್ತಿರಲಿಲ್ಲ.

ಈ ಆಟ ಕಲಿಸಿದ್ದು ಶೇಖರ್ ಚಿಕ್ಕಪ್ಪ. ಇದಕ್ಕೆ ಬೋರ್ಡ್ ಇಲ್ಲ, ಕಾಯಿ ಇಲ್ಲ. ಒಬ್ಬರು ಒಂದು ಲೋಕವನ್ನು ಕಟ್ಟಿ ಹೇಳಬೇಕು. ಉಳಿದವರು ಆ ಲೋಕದ ಒಬ್ಬೊಬ್ಬ ಮನುಷ್ಯರಾಗಿ, ‘ನಾನು ಹಿಂಗ ಮಾಡ್ತೀನಿ’ ಅನ್ನಬೇಕು. ಅಂದದ್ದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ಡೈಸ್ ಹೇಳುತ್ತದೆ. ದೊಡ್ಡ ಅಂಕಿ ಬಿದ್ದರೆ ಆಯಿತು. ಸಣ್ಣದು ಬಿದ್ದರೆ ಕೆಟ್ಟಿತು.

“ಒಂದು ಪುಟ ಬರಕೊಂಡು ಶುರು ಮಾಡು, ಸಾಕು,” ಎಂದು ಚಿಕ್ಕಪ್ಪ ಡೈಸ್ ಕೊಟ್ಟು ಹೋಗಿದ್ದ.

ಸುಮಂಗಲಾ ಬಳ್ಳಾರಿಯ ಬ್ರೂಸ್‌ಪೇಟೆ ಅಂಗಡಿಯಿಂದ ಇನ್ನೂರು ಪುಟದ ನೋಟ್‌ಬುಕ್ ತರಿಸಿದಳು. ಮೂರು ತಿಂಗಳು ಬರೆದಳು. ಗ್ರಹದ ತ್ರಿಜ್ಯ, ಗಾಳಿಯ ವೇಗ, ಎರಡು ಚಂದ್ರರ ತೂಕ, ರಾಕೆಟ್ಟಿನ ಬಾಗಿಲಿಗೆ ಎಷ್ಟು ಬೋಲ್ಟು ಎನ್ನುವುದರವರೆಗೆ ಎಲ್ಲ ಲೆಕ್ಕ ಹಾಕಿದ್ದಳು. ಅಲ್ಲಿಯ ಜನ ಏನು ತಿನ್ನುತ್ತಾರೆ, ಯಾರ ಮೇಲೆ ಸಿಟ್ಟಾಗುತ್ತಾರೆ ಎನ್ನುವುದನ್ನು ಮಾತ್ರ ಬರೆದಿರಲಿಲ್ಲ. ಜನರನ್ನು ಕೊನೆಗೆ ನೋಡಿಕೊಂಡರಾಯಿತು ಅಂದುಕೊಂಡಿದ್ದಳು.

ಎರಡು ಭಾನುವಾರಗಳಲ್ಲಿ ಹತ್ತು ಪುಟ ಓದಿ ಮುಗಿದಿತ್ತು. ಡೈಸ್ ಇನ್ನೂ ಡಬ್ಬಿಯಲ್ಲೇ ಇತ್ತು.

“ಸುಮಿ, ನಿಜ ಹೇಳ್ತೀನಿ, ಸಿಟ್ಟಾಗಬ್ಯಾಡ,” ಎಂದ ಸಮ್ರಾಟ್. “ನಾವು ಬರೋದು ನಿಮ್ಮ ಕೂಲರಿಗೆ.”

ಸುಮಂಗಲಾ ಪುಟದಿಂದ ತಲೆ ಎತ್ತಿದಳು.

“ಇವತ್ತೂ ಆಟ ಶುರು ಆಗಲಿಲ್ಲಂದ್ರ ನಾಳೆ ನಾನೂ ಇವನೂ ಕ್ರಿಕೆಟ್ ಕ್ಯಾಂಪಿಗೆ ಹೆಸರು ಕೊಡ್ತೀವಿ. ಅಲ್ಲಿ ಸಂಡೇನೂ ಪ್ರಾಕ್ಟೀಸ್ ಇರ್ತೈತಿ.”

ಆಡುವವರೇ ಇಲ್ಲದಿದ್ದರೆ ಕೆಂಧೂಳಿ ಗ್ರಹ ಬರೀ ನೋಟ್‌ಬುಕ್.

“ಈಗಲೇ ಶುರು ಮಾಡೂಣು. ಆದ್ರ ಮೂರನೇ ಪುಟದಾಗ ರೂಲ್ ಐತಿ. ಆಡೋರು ಮೂರು ಮಂದಿ ಇರಬೇಕು. ಮೂರನೇದಾಕಿ ನಂದಿನಿ ನೋಡಿದ್ರ ಮದುವಿಗಂತ ಕುರುಗೋಡಿಗೆ ಹೋಗ್ಯಾಳ.”

“ರೂಲ್ ಬರದಾಕಿ ನೀನ ಅಲ್ಲೇನು? ಅಳಿಸು.”

“ಪೆನ್ನಿಲೆ ಬರದೀನಿ.”

ಸಮ್ರಾಟ್ ಹಣೆ ಬಡಿದುಕೊಂಡ.

“ನಾ ಬರ್ಲೇನು?” ಎಂದು ಗೋಡೆಯ ಕಡೆಯಿಂದ ಒಂದು ದನಿ ಕೇಳಿತು. ಸುಮಂಗಲಾಳ ಅಜ್ಜಿ ಹಂಪಕ್ಕ ಅಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಸಿರುಗುಪ್ಪ ಕಡೆಯ ರಾರಾವಿಯಲ್ಲಿ ಹೊಲ ಮಾಡಿಕೊಂಡಿದ್ದ ಅಜ್ಜಿ ಬಳ್ಳಾರಿಗೆ ಬಂದು ಎರಡು ವರ್ಷವಾಗಿತ್ತು.

“ಅಜ್ಜಿ, ಇದು ಸೈನ್ಸ್ ಫಿಕ್ಷನ್.”

“ಆಗ್ಲಿ. ಕೂಲರ್ ಮುಂದೆನ ಕುಂದ್ರಬೇಕಲ್ಲ?”

ಶೇಂಗಾ ಬುಟ್ಟಿಯ ಜತೆ ಅಜ್ಜಿ ಸರಿದು ಬಂದಳು. ಸಮ್ರಾಟ್ ಹನುಮೇಶನನ್ನು ಕಾಲಿನಿಂದ ತಿವಿದ. ಹನುಮೇಶ್ ಎದ್ದು ಕೂತ. ಆದರೆ ಕಣ್ಣು ತೆರೆಯಲಿಲ್ಲ.

“ಸಮ್ರಾಟ್ ಕ್ಯಾಪ್ಟನ್ ವಜ್ರ. ಹನುಮೇಶ್ ಡಾಕ್ಟರ್ ಜೀರೊ. ಅಜ್ಜಿ, ಗ್ರಹದಾಗ ನಿನ್ನ ಹೆಸರು?”

“ಹಂಪಕ್ಕ.”

“ಬ್ಯಾರೆ ಹೆಸರು ಬೇಕು ಅಜ್ಜಿ.”

“ಬ್ಯಾರೆ ಹೆಸರ್ಲೆ ಕರದ್ರ ನಾ ಹೆಂಗ ಓ ಅನ್ಲಿ?”

ಸುಮಂಗಲಾ ‘ಹಂಪಕ್ಕ’ ಎಂದೇ ಬರೆದುಕೊಂಡಳು. ಭೂಪಟ ಬಿಡಿಸಿದಳು. ಕೆಂಧೂಳಿಯಲ್ಲಿ ಉಸಿರಾಡಲು ಗಾಳಿಯಿಲ್ಲ. ಜನ ಮೂರು ದೊಡ್ಡ ಗಾಜಿನ ಗುಮ್ಮಟಗಳ ಒಳಗೆ ಊರು ಕಟ್ಟಿಕೊಂಡಿದ್ದಾರೆ. ಇರುವುದು ಒಂದೇ ಕಾಲುವೆ. ಅದನ್ನು ಅವಳು ನೀಲಿ ಪೆನ್ಸಿಲಿನಲ್ಲಿ, ಸ್ಕೇಲ್ ಇಟ್ಟು, ನೆಟ್ಟಗೆ ಎಳೆದಿದ್ದಳು. ಒಬ್ಬೊಬ್ಬರು ಒಂದೊಂದು ಗುಮ್ಮಟ ಆರಿಸಿಕೊಳ್ಳಬೇಕು.

“ನೀರು ಯಾ ಕಡಿಂದ ಬರ್ತೈತಿ?” ಎಂದು ಅಜ್ಜಿ ಕೇಳಿದಳು.

“ಉತ್ತರ ಧ್ರುವದಾಗ ಐಸ್ ಐತಿ. ಅದು ಕರಗಿ ಬರ್ತೈತಿ.”

ಅಜ್ಜಿ ನೀಲಿ ಗೆರೆಯ ಮೇಲೆ ಬೆರಳಿಟ್ಟು ಸರಿಸಿದಳು. ಮೊದಲನೇ ಗುಮ್ಮಟಕ್ಕೆ ಬಂದು ನಿಲ್ಲಿಸಿದಳು.

“ನಂಗ ಇದು.”

ನಡುವಿನದು ಹನುಮೇಶನಿಗೆ. ಕೊನೆಯದು ಸಮ್ರಾಟನಿಗೆ. ಕೊನೆಯ ಗುಮ್ಮಟದಲ್ಲಿ ರಾಕೆಟ್ ಇದ್ದುದರಿಂದ ಅವನು ಖುಷಿಯಲ್ಲಿದ್ದ.

“ಗ್ರಹದಾಗ ಬೆಳಗಾತು,” ಎಂದಳು ಸುಮಂಗಲಾ. “ಅಜ್ಜಿ, ನೀ ಏನ್ ಮಾಡ್ತೀ?”

“ನನ್ನ ತೂಬು ಪೂರ್ತಿ ಎತ್ತತೀನಿ.”

“ತೂಬಂದ್ರ?” ಎಂದ ಸಮ್ರಾಟ್.

“ಕಾಲುವಿ ನೀರು ನನ್ನ ಕಡಿ ಬರೋ ಬಾಗಲಾ. ಪೂರ್ತಿ ಎತ್ತಿದೆ. ಭತ್ತ ಹಚ್ಚತೀನಿ.”

“ಅಜ್ಜಿ! ಒಂಬತ್ತನೇ ಪುಟ!” ಸುಮಂಗಲಾ ಹಾಳೆ ತಿರುಗಿಸಿ ತೋರಿಸಿದಳು. “‘ಮೂರೂ ಗುಮ್ಮಟಗಳಿಗೆ ಸಮಾನ ನೀರು.’ ಕೆಂಪು ಇಂಕಿನಾಗ ಬರದೀನಿ.”

“ಚಲೋ ಬರದಿ. ತೂಬಿನ ಹತ್ರ ಈಗ ಯಾರದಾರ?”

ಸುಮಂಗಲಾ ಯೋಚಿಸಿದಳು. “ಯಾರೂ ಇಲ್ಲ.”

“ಹಂಗಾರ ಎತ್ತಿದೆ.”

“ಹಂಗ ಆಗಂಗಿಲ್ಲ. ಡೈಸ್ ಹಾಕಬೇಕು. ಹದಿನೈದಕ್ಕಿಂತ ಹೆಚ್ಚು ಬಿದ್ರ ಮಾತ್ರ.”

ಅಜ್ಜಿ ಡೈಸನ್ನು ಅಂಗೈಯಲ್ಲಿ ಕುಲುಕಿ, ಅದಕ್ಕೆ ಉಫ್ ಎಂದು ಊದಿ, ಶೇಂಗಾ ಸಿಪ್ಪೆಗಳ ನಡುವೆ ಉರುಳಿಸಿದಳು. ಹತ್ತೊಂಬತ್ತು.

“ಲೇ ಡಾಕ್ಟರ್ ಜೀರೊ, ಏಳಲೇ!” ಸಮ್ರಾಟ್ ಹನುಮೇಶನ ತೋಳು ಅಲುಗಾಡಿಸಿದ. “ನೀರು ಕಳುವಾತು!”

ಹನುಮೇಶ್ ಕಣ್ಣು ಬಿಟ್ಟ. “ಯಾರು ಕದ್ರು?”

“ಅಜ್ಜಿ!”

ಹನುಮೇಶ್ ಭೂಪಟವನ್ನು ನೋಡಿದ. ಅಜ್ಜಿಯನ್ನು ನೋಡಿದ. ಮೂರು ಭಾನುವಾರಗಳಲ್ಲಿ ಮೊದಲ ಸಲ ಅವನ ಮುಖ ಅರಳಿತು. “ಹಂಗಾರ ಸೋರಿ ಬಂದಷ್ಟು ನಂದು. ನನ್ನ ತೂಬೂ ಎತ್ತತೀನಿ.” ಡೈಸ್ ಹಾಕಿದ. ಹದಿನೇಳು.

“ನಂಗೇನು ಉಳೀತು?” ಎಂದ ಸಮ್ರಾಟ್.

“ಧೂಳು,” ಎಂದಳು ಸುಮಂಗಲಾ. ಅವಳು ಸುಳ್ಳು ಹೇಳುವಂತಿರಲಿಲ್ಲ.

“ನಾ ಲೇಸರ್ ಗನ್ ತಗೊಂಡು ಇಬ್ಬರ ತೂಬೂ ಒಡೀತೀನಿ!” ಸಮ್ರಾಟ್ ಡೈಸ್ ಬೀಸಿ ಒಗೆದ. ಎರಡು. ಲೇಸರಿನೊಳಗೆ ಕೆಂಪು ಧೂಳು ಹೊಕ್ಕು ಅದು ಕೆಟ್ಟಿತು.

ಹನುಮೇಶ್ ನಕ್ಕ. ಸಮ್ರಾಟ್ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಎದ್ದವನೇ ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಹಾಕಿದ.

“ಇದು ಮೋಸದಾಟ. ನಾ ಕ್ಯಾಂಪಿಗೆ ಹೋಗ್ತೀನಿ.”

ಸುಮಂಗಲಾ ಗಡಿಬಿಡಿಯಲ್ಲಿ ಹಾಳೆ ತಿರುವಿದಳು. ಉಲ್ಕೆ ಬಿದ್ದರೆ ಏನು ಮಾಡಬೇಕು ಎಂದಿತ್ತು. ರಾಕೆಟ್ಟಿನ ಬೋಲ್ಟು ಸಡಿಲವಾದರೆ ಏನು ಎಂದಿತ್ತು. ಅಜ್ಜಿ ನೀರು ಕದ್ದರೆ ಏನು ಎಂದು ಇನ್ನೂರು ಪುಟದಲ್ಲಿ ಎಲ್ಲೂ ಇರಲಿಲ್ಲ.

“ಕ್ಯಾನ್ಸಲ್! ಎಲ್ಲಾ ಕ್ಯಾನ್ಸಲ್! ಅಜ್ಜಿ, ತೂಬು ಇಳಸು.”

“ಇಳಸಂಗಿಲ್ಲ,” ಎಂದಳು ಅಜ್ಜಿ.

ಆ ದನಿಯಲ್ಲಿ ತಮಾಷೆ ಇರಲಿಲ್ಲ. ಶೇಂಗಾ ಸುಲಿಯುತ್ತಿದ್ದ ಕೈಯೂ ನಿಂತಿತ್ತು.

“ರಾರಾವ್ಯಾಗ ನಮ್ಮ ಹೊಲ ಕಾಲುವಿ ಕೊನ್ಯಾಗ. ಅಲ್ಲೂ ಎಲ್ಲಾರಿಗೂ ಸಮಾನ ಅಂತ ಬರದಿದ್ರು. ಮ್ಯಾಲಿನವರೆಲ್ಲ ನೀರು ಹಾಯಿಸಿಕೊಂಡ ಮ್ಯಾಲ ಬಂದಷ್ಟು ನಮ್ಮದು. ನಲವತ್ತು ವರ್ಷ ಕೊನ್ಯಾಗ ನಿಂತೀನಿ. ಆಟದಾಗರ ಮೊದಲನೇ ತೂಬು ನಂದಾಗಲಿ ಬಿಡು.”

ಸುಮಂಗಲಾಳಿಗೆ ಇದು ಗೊತ್ತಿರಲಿಲ್ಲ. ಎರಡು ವರ್ಷದಿಂದ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಹೊಲ ಎಲ್ಲಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲಲ್ಲಿದ್ದ ಸಮ್ರಾಟ್ ಇನ್ನೊಂದು ಚಪ್ಪಲಿ ಹಾಕಲಿಲ್ಲ. “ನೀರು ಬರದಿದ್ರ ನೀವೇನ್ ಮಾಡ್ತಿದ್ರಿ ಅಜ್ಜಿ? ಸುಮ್ಕ ಇರ್ತಿದ್ರೇನು?”

“ಯಾಕ ಸುಮ್ಕ ಇರ್ತೀವಿ? ಬುತ್ತಿ ಕಟಗೊಂಡು ಮ್ಯಾಲಿನವರ ತೂಬಿಗೆ ಹೋಗಿ ಕುಂದ್ರತಿದ್ವಿ. ನೀರು ಬಿಡೋತನ ಏಳ್ತಿರಲಿಲ್ಲ.”

ಹೇಳಿದ ಮೇಲೆ ಅಜ್ಜಿ ನಾಲಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಸಮ್ರಾಟ್ ಚಪ್ಪಲಿ ಕಳಚಿ ಬಂದು, ಅಜ್ಜಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

“ಕ್ಯಾಪ್ಟನ್ ವಜ್ರ ನಿಮ್ಮ ತೂಬಿನ ಮ್ಯಾಲ ಕುಂತಾನ. ಮೂರು ದಿನ ಏಳಂಗಿಲ್ಲ.”

“ಮೂರು ದಿನ ಏನ್ ಮಹಾ!”

“ನಮ್ಮೂರ ದಿನ ಅಲ್ರಿ ಅಜ್ಜಿ, ಕೆಂಧೂಳಿ ದಿನ. ಇಪ್ಪತ್ತೊಂಬತ್ತು ತಾಸು ನಲವತ್ತು ನಿಮಿಷದ್ದು. ಮೂರು ದಿನಕ್ಕ...” ಅವನು ಬೆರಳು ಮಡಚಿದ. “ಎಂಬತ್ತೊಂಬತ್ತು ತಾಸು.”

ಸುಮಂಗಲಾ ಅವನನ್ನೇ ನೋಡಿದಳು. ಲೆಕ್ಕ ಸರಿಯಾಗಿತ್ತು. ಅವಳ ಗ್ರಹದ ಒಂದು ಅಂಕಿ ಬೇರೆಯವರ ಬಾಯಿಂದ ಬಂದದ್ದು ಇದೇ ಮೊದಲು.

“ಬುತ್ತಿ ತಂದೀಯೇನು?” ಎಂದಳು ಅಜ್ಜಿ.

“ನಮ್ಮ ಗುಮ್ಮಟದಾಗ ನೀರ ಇಲ್ಲ. ಅಡಿಗಿ ಹೆಂಗ ಆಗ್ತೈತಿ?”

ಅಜ್ಜಿ ಮತ್ತೆ ಶೇಂಗಾ ಸುಲಿಯತೊಡಗಿದಳು.

ಅದೇ ಹೊತ್ತಿಗೆ ಅಮ್ಮ ಸರೋಜಾ ಅಡುಗೆಮನೆಯಿಂದ ದೊಡ್ಡ ತಾಟಿನಲ್ಲಿ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ ಬಜ್ಜಿ ತಂದಿಟ್ಟಳು. ಅಜ್ಜಿ ಒಂದು ಮಿರ್ಚಿ ಎತ್ತಿಕೊಂಡಳು. ಬಾಯಿಯ ತನಕ ಒಯ್ದ ಕೈ ಅಲ್ಲೇ ನಿಂತಿತು. ಎದುರಿಗೆ ಸಮ್ರಾಟ್ ಕೈಕಟ್ಟಿ ಕೂತಿದ್ದ.

“ತಿನ್ನೋ.”

“ಇಲ್ರಿ. ಮೊದ್ಲು ನೀರು.”

“ಲೇ, ಇದು ನಿಜದ ಮಿರ್ಚಿ!” ಎಂದ ಹನುಮೇಶ್ ಗಾಬರಿಯಿಂದ.

ಸಮ್ರಾಟ್ ಉಗುಳು ನುಂಗಿದ. ಆದರೆ ಕದಲಲಿಲ್ಲ. ಕೂಲರ್ ಮಾತ್ರ ಗುರ್ ಎನ್ನುತ್ತಿತ್ತು. ಮಿರ್ಚಿಯ ಹಬೆ ನಾಲ್ವರ ನಡುವೆ ಏಳುತ್ತಿತ್ತು.

ಅಜ್ಜಿ ಮಿರ್ಚಿಯನ್ನು ತಾಟಿಗೆ ಹಾಕಿದಳು.

“ಬಾಗಲಾಗ ಕುಂತಾವ ಉಪವಾಸ ಇದ್ರ ನನಗೆಂಗ ಇಳೀತೈತಿ? ಆಗ್ಲಿ ತಗೋ. ನಿನ್ನ ಹೊಲದಾಗ ನಾಕು ಬಟ್ಟು ನೀರು ನಿಲ್ಲೋತನ ನನ್ನ ತೂಬು ಮುಚ್ಚಿರ್ತೀನಿ. ಲೇ ನಡುವಿನಾವ, ನಿಂದೂ ಮುಚ್ಚು. ಕೊನಿಯವಂದು ತುಂಬಿದ ಮ್ಯಾಲ ನಿಂದು. ಆಮ್ಯಾಲ ನಂದು.”

“ಮುಚ್ಚಿದೆ,” ಎಂದ ಹನುಮೇಶ್. ಮಿರ್ಚಿ ಆರುವ ಮೊದಲು ಯಾವ ಒಪ್ಪಂದಕ್ಕೂ ಅವನು ಸಿದ್ಧನಿದ್ದ.

“ಡೈಸ್ ಹಾಕಬೇಕಾ?” ಎಂದು ಸಮ್ರಾಟ್ ಸುಮಂಗಲಾಳ ಕಡೆ ತಿರುಗಿದ.

“ಬ್ಯಾಡ,” ಎಂದಳು ಅವಳು. “ಅಜ್ಜಿ ಮಾತು ಕೊಟ್ಟಾಳಲ್ಲ.”

ಸಮ್ರಾಟ್ ಒಂದೇ ಸಲಕ್ಕೆ ಎರಡು ಮಿರ್ಚಿ ಎತ್ತಿದ. ಬಾಯಿ ತುಂಬಿಕೊಂಡೇ, “ಮುಂದಿನ ಸಂಡೇ ನಾ ಮೊದಲನೇ ಗುಮ್ಮಟ,” ಎಂದ.

ಸುಮಂಗಲಾ ಹನ್ನೊಂದನೆಯ ಪುಟದ ಅಂಚಿನಲ್ಲಿ ‘2’ ಎಂಬುದನ್ನು ಹೊಡೆದು ‘4’ ಎಂದು ತಿದ್ದಿದಳು. ಆಮೇಲೆ ಒಂಬತ್ತನೆಯ ಪುಟ ತೆರೆದಳು. ‘ಸಮಾನ ನೀರು’ ಎಂಬ ಕೆಂಪು ಅಕ್ಷರಗಳು ಇದ್ದವು. ಅವುಗಳ ಕೆಳಗೆ ಅರ್ಧ ಪುಟ ಖಾಲಿಯಿತ್ತು.

“ಅಜ್ಜಿ, ನಾಕು ಬಟ್ಟು ಅಂದ್ರ ಎಷ್ಟು?”

“ಅಂದ್ರ ನಾಕು ಬಟ್ಟು. ಭತ್ತದ ಮಡಿಯಾಗ ಕೈ ಇಟ್ಟು ನೋಡತಿದ್ದೆ. ಅಷ್ಟು ನೀರು ನಿಂತ್ರ ಆ ವರ್ಷ ಮನ್ಯಾಗ ಅನ್ನ.”

“ಇಲ್ಲಿ ಇಟ್ಟು ತೋರಿಸು.”

ಅಜ್ಜಿ ಸೆರಗಿಗೆ ಎಣ್ಣೆ ಒರೆಸಿಕೊಂಡು, ಬಲಗೈಯ ನಾಲ್ಕು ಬೆರಳುಗಳನ್ನು ಜೋಡಿಸಿ ಖಾಲಿ ಜಾಗದ ಮೇಲೆ ಇಟ್ಟಳು. ಕಿರುಬೆರಳು ಸ್ವಲ್ಪ ಸೊಟ್ಟಗಿತ್ತು. ಗೆಣ್ಣುಗಳು ದಪ್ಪಗಿದ್ದವು. ಸುಮಂಗಲಾ ಪೆನ್ಸಿಲಿನಿಂದ ಆ ಬೆರಳುಗಳ ಈ ಕಡೆ ಒಂದು, ಆ ಕಡೆ ಒಂದು ಗೆರೆ ಎಳೆದಳು. ಒಂದೂ ಸ್ಕೇಲ್ ಇಟ್ಟು ಎಳೆದದ್ದಲ್ಲ. ಎರಡೂ ಸೊಟ್ಟಗೇ ಬಂದವು. ಅವಳು ಅಳಿಸಲಿಲ್ಲ.

ಆಮೇಲೆ ಸ್ಕೇಲ್ ಇಟ್ಟಳು. ಅದರ ಸೊನ್ನೆಯ ತುದಿ ಮುರಿದಿತ್ತು. ಆದ್ದರಿಂದ ಒಂದರಿಂದ ಅಳೆದು, ಬಂದದ್ದರಲ್ಲಿ ಒಂದು ಕಳೆದು, ಮತ್ತೊಮ್ಮೆ ಅಳೆದು, ಪೆನ್ನಿನಲ್ಲಿ ಬರೆದಳು:

‘ಕೆಂಧೂಳಿ ಗ್ರಹ. ಕೊನೆಯ ಗುಮ್ಮಟದಲ್ಲಿ ಮೊದಲು ನಿಲ್ಲಬೇಕಾದ ನೀರು: ಹಂಪಕ್ಕನ ನಾಲ್ಕು ಬೆರಳು. 7.4 ಸೆಂಟಿಮೀಟರ್.’